ಅಂಕೋಲೆಯ ನೆರಳು, ಕುಂಭರಾಶಿಯ ನೆರಳು

1980ನೆಯ ಇಸವಿಯ ಫೆಬ್ರುವರಿ 16ನೆಯ ತಾರೀಖು, ಶನಿವಾರ, ಶಿವರಾತ್ರಿಯ ಬೆನ್ನಿಗೆ ಬಂದ ಮಾಘ ಬಹುಳ ಅಮಾವಾಸ್ಯೆಯ ಅಪರಾಹ್ಣದಲ್ಲಿ, ಆಫ್ರಿಕಾ ಖಂಡವನ್ನು ಅಡ್ಡಹಾಯ್ದು ಅರಬ್ಬೀ ಸಮುದ್ರವನ್ನು ದಾಟಿಬಂದ ಚಂದ್ರನ ನೆರಳು ಭಾರತದ ನೆಲವನ್ನು ಮೊದಲು ಮುಟ್ಟಿದುದು ನಮ್ಮ ಅಂಕೋಲೆಯ ಕರಾವಳಿಯಲ್ಲಿ. ನಾನಾಗ ಚಿಕ್ಕ ಹುಡುಗ. ಮನೆಯೊಳಗೆ ಅಜ್ಜಿ ಉಪ್ಪಿನಕಾಯಿಯ ಭರಣಿಗೂ ಕುಡಿಯುವ ನೀರಿನ ಕೊಡಕ್ಕೂ ದರ್ಭೆಯ ಎಳೆಗಳನ್ನು ಹಾಕಿ ಮುಗಿಸಿ, ಅಂಗಳದಲ್ಲಿ ಹಿತ್ತಾಳೆಯ ಹಂಡೆಯ ತುಂಬ ಸಗಣಿ ಕದಡಿದ ನೀರಿಟ್ಟು, "ತಮಾ, ಮೇಲೆ ನೋಡಬೇಡ್ವೋ, ನೀರಲ್ಲೇ ನೋಡು" ಎಂದು ಮತ್ತೆ ಮತ್ತೆ ಕೂಗುತ್ತಿದ್ದಳು. ನನ್ನ ದೃಷ್ಟಿ ಆಕಾಶದ ಮೇಲೂ ಇರಲಿಲ್ಲ, ನೀರಿನ ಮೇಲೂ ಇರಲಿಲ್ಲ. ಹಿತ್ತಿಲಿನ ಕರಿ ಇಶಾಡ ಮಾವಿನ ಮರದ ಬುಡದಲ್ಲಿ, ಎಂದಿನಂತೆ ದುಂಡುದುಂಡಾಗಿ ಬೀಳಬೇಕಾಗಿದ್ದ ಬಿಸಿಲಿನ ಚುಕ್ಕೆಗಳೆಲ್ಲ ನೂರಾರು ಸಣ್ಣ ಕುಡುಗೋಲುಗಳಾಗಿ, ಒಂದೇ ಕಡೆಗೆ ಬಾಗಿ, ಒಣ ಎಲೆಗಳ ಮೇಲೆ ಬಿದ್ದುಕೊಂಡಿದ್ದವು. ಎಲೆಗಳ ನಡುವಿನ ಒಂದೊಂದು ಸಂದಿಯೂ ಒಂದೊಂದು ಸೂಜಿರಂಧ್ರವಾಗಿ ಸೂರ್ಯನ ಚಿತ್ರವನ್ನು ನೆಲಕ್ಕೆ ಇಳಿಸುತ್ತದೆಂಬುದು ಆಗ ನನಗೆ ತಿಳಿಯದು; ಆದರೂ ಆ ಕುಡುಗೋಲುಗಳು ತೆಳ್ಳಗಾಗುತ್ತ ಹೋದಂತೆ ಮೇಲೆ ನಡೆಯುತ್ತಿದ್ದುದು ಏನೆಂಬುದು ಕೆಳಗಿನ ಆ ಎಲೆಗಳಿಂದಲೇ ಗೊತ್ತಾಗುತ್ತಿತ್ತು. ಕೊನೆಗೆ ಅವೂ ಅಳಿಸಿಹೋಗಿ, ಪಡುವಣ ಕಡಲಿನ ಕಡೆಯಿಂದ ಕತ್ತಲೆಯು ಮಳೆಯ ಮೋಡದಂತೆ ಓಡಿಬಂದು ಊರನ್ನು ಮುಚ್ಚಿತು. ಮೂರು ನಿಮಿಷಕ್ಕೂ ಕಡಿಮೆಯಾದ ಆ ಹೊತ್ತಿನಲ್ಲಿ ಶುಕ್ರನು ಹಗಲಿನಲ್ಲೇ ಹೊಳೆದನು.

ನಮ್ಮ ಭಾಷೆಯಲ್ಲಿ ಹಿಡಿಯುವುದೂ ಗ್ರಹಣ, ತಿಳಿಯುವುದೂ ಗ್ರಹಣ, ಸೂರ್ಯನಿಗೆ ಹಿಡಿಯುವುದೂ ಗ್ರಹಣ. ಆಕಾಶದಲ್ಲಿ ಸಂಚರಿಸುವ ಗ್ರಹವೆಂಬ ಹೆಸರೂ ಅದೇ ಧಾತುವಿನಿಂದ ಹುಟ್ಟಿದುದು. ಹಿಂದಿನವರು ಯಾವ ಭಾವದಿಂದ ಈ ಮಾತುಗಳನ್ನು ಕಟ್ಟಿದರೋ, ಅವು ಮೂರೂ ಒಂದೇ ಅರ್ಥದಲ್ಲಿ ಬಂದು ಕೂಡಿದುದನ್ನು ನಾವು ನಮ್ಮ ಕಾಲದಲ್ಲಿ ಕಂಡಿದ್ದೇವೆ. ಯಾರೂ ಕಣ್ಣಿನಿಂದ ಕಾಣದ ಏಳು ಗ್ರಹಗಳನ್ನು, ಅವು ತಮ್ಮ ನಕ್ಷತ್ರಕ್ಕೆ ಹಿಡಿಸುವ ಅತ್ಯಲ್ಪ ಗ್ರಹಣದಿಂದಲೇ ಮನುಷ್ಯನು ಗ್ರಹಿಸಿದ ಆ ಸಂಗತಿಯನ್ನು, ಅದರಲ್ಲಿ ಕನ್ನಡ ನಾಡಿನ ಹೊಸಕೋಟೆಯೆಂಬ ಊರಿಗೂ ಒಂದು ಪಾಲು ಇರುವ ಕಾರಣದಿಂದ, ಇಲ್ಲಿ ಕೊಂಚ ಸಾವಧಾನವಾಗಿ ಹೇಳಬೇಕೆಂದಿದ್ದೇನೆ.

ದೀಪಾವಳಿ ಕಳೆದು ಮಳೆಯ ಮೋಡಗಳು ಪೂರ್ತಿ ಹಿಂದೆ ಸರಿದ ನವೆಂಬರ್ ತಿಂಗಳ ನಡುವಿನಲ್ಲಿ, ರಾತ್ರಿ ಎಂಟು ಗಂಟೆಯ ಸುಮಾರಿಗೆ ಕಾರವಾರದ ಕಡಲದಂಡೆಯಲ್ಲಿ ನಿಂತು ದಕ್ಷಿಣಾಭಿಮುಖವಾಗಿ ತಲೆಯೆತ್ತಿದರೆ, ನಡುನೆತ್ತಿಗಿಂತ ಸ್ವಲ್ಪ ಕೆಳಗೆ, ದಿಗಂತದಿಂದ ಸುಮಾರು 70 ಡಿಗ್ರಿ ಎತ್ತರದಲ್ಲಿ ಕುಂಭರಾಶಿಯ ಮಂದ ತಾರೆಗಳಿರುತ್ತವೆ. ಅವುಗಳಲ್ಲಿ ಶತಭಿಷಾ ನಕ್ಷತ್ರದ ಯೋಗತಾರೆಯೆಂದು ಎಣಿಸಲಾಗುವ ಚುಕ್ಕೆಯನ್ನು ಗುರುತಿಸಿಕೊಂಡು, ಅಲ್ಲಿಂದ ಈಶಾನ್ಯಕ್ಕೆ, ಚಾಚಿದ ಕೈಯ ಎರಡು ಮೂರು ಬೆರಳಿನಗಲ ಸರಿದರೆ ಸಿಗುವ ಸ್ಥಳವೇ ನಮ್ಮ ಕಥಾನಾಯಕನ ನೆಲೆ. ಅಲ್ಲಿ ಕಣ್ಣಿಗೆ ಏನೂ ಕಾಣದು. ಬರಿಗಣ್ಣಿಗೆ ನಿಲುಕುವ ಅತ್ಯಂತ ಮಂದ ತಾರೆಗಿಂತ ಈ ನಕ್ಷತ್ರವು ಲಕ್ಷಪಟ್ಟಿಗೂ ಮಿಗಿಲಾಗಿ ಮಂದವಾದುದು. ನಮ್ಮಿಂದ ಅದರ ದೂರ ಸುಮಾರು 40 ಬೆಳಕಿನ ವರ್ಷಗಳು. 1980ರ ಆ ಅಮಾವಾಸ್ಯೆಯಂದು ಸೂರ್ಯನು ಪಂಚಾಂಗದ ಪ್ರಕಾರ ಕುಂಭರಾಶಿಯಲ್ಲಿಯೇ ಇದ್ದನೆಂಬುದನ್ನೂ, ಅಂದು ಅಂಕೋಲೆಯವರ ನೆತ್ತಿಯ ಮೇಲೆ ಕಪ್ಪಾದ ಸೂರ್ಯನಿಂದ ಬಹುದೂರವಲ್ಲದೆ ಈ ನಕ್ಷತ್ರವೂ ಅದೃಶ್ಯವಾಗಿ ನಿಂತಿತ್ತೆಂಬುದನ್ನೂ, ಆ ಗಳಿಗೆಯಲ್ಲಿ ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ತಲುಪಿದುದು 2020ರ ಸುಮಾರಿಗೆ ಎಂಬುದನ್ನೂ ನೆನೆದಾಗ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ.

ಇಂತಹ ನಕ್ಷತ್ರಗಳನ್ನು ಕೆಂಪು ಕುಬ್ಜಗಳೆಂದು ಕರೆಯುತ್ತಾರೆ. ನಮ್ಮ ಆಕಾಶಗಂಗೆಯಲ್ಲಿರುವ ತಾರೆಗಳ ಪೈಕಿ ಮುಕ್ಕಾಲು ಪಾಲು ಈ ಜಾತಿಯವೇ ಆಗಿದ್ದರೂ, ಅವುಗಳಲ್ಲಿ ಒಂದಾದರೂ ಬರಿಗಣ್ಣಿಗೆ ಕಾಣುವುದಿಲ್ಲ. ನಾವು ಆಕಾಶವೆಂದು ನೋಡಿ ಸಂತೋಷಪಡುವುದು ಅಲ್ಪಸಂಖ್ಯಾತರಾದ ಪ್ರಕಾಶಮಾನ ತಾರೆಗಳನ್ನು ಮಾತ್ರ. ನಮ್ಮ ಈ ಕುಬ್ಜನ ತೂಕ ಸೂರ್ಯನ ತೂಕದ ನೂರರಲ್ಲಿ ಒಂಬತ್ತು ಪಾಲು, ಗಾತ್ರದಲ್ಲಿ ಗುರುಗ್ರಹಕ್ಕಿಂತ ಸ್ವಲ್ಪವೇ ದೊಡ್ಡದು. ಮೇಲ್ಮೈಯ ಉಷ್ಣತೆ ಸೂರ್ಯನದರ ಅರ್ಧಕ್ಕಿಂತಲೂ ಕಡಿಮೆ, ಬೆಳಕಂತೂ ಸೂರ್ಯನ ಬೆಳಕಿನ ಸುಮಾರು 1800ರಲ್ಲಿ ಒಂದಂಶ. ಒಣಗಿದ ತೆಂಗಿನ ಮಡಲು ಧಗ್ಗೆಂದು ಹೊತ್ತಿ ಕ್ಷಣದಲ್ಲಿ ಬೂದಿಯಾಗುವುದನ್ನೂ, ಉಮಿಯ ಬೆಂಕಿಯು ಹೊಗೆಯೂ ಇಲ್ಲದೆ ಉರಿಯೂ ಇಲ್ಲದೆ ರಾತ್ರಿಯಿಡೀ ಒಳಗೊಳಗೆ ಕೆಂಪಗೆ ಬೇಯುವುದನ್ನೂ ಬಚ್ಚಲಿನ ಒಲೆಯ ಮುಂದೆ ಕುಳಿತವರೆಲ್ಲ ಬಲ್ಲರು. ಮಹಾತಾರೆಗಳದು ಮಡಲಿನ ಬದುಕು, ಕೆಂಪು ಕುಬ್ಜನದು ಉಮಿಯ ಬದುಕು. ಅದರ ಒಡಲು ತಳದಿಂದ ಮೇಲಿನವರೆಗೆ ಒಂದೇ ಕೊಪ್ಪರಿಗೆಯಂತೆ ಮಗುಚಿ ಮಗುಚಿ ಕುದಿಯುವುದರಿಂದ ಒಳಗಿರುವ ಜಲಜನಕವೆಲ್ಲವೂ ಕ್ರಮವಾಗಿ ಉರಿಗೆ ಒದಗುತ್ತದೆ. ಆದುದರಿಂದ ಸೂರ್ಯನ ಆಯುಸ್ಸು ಸಾವಿರ ಕೋಟಿ ವರ್ಷಗಳಾದರೆ ಇದರದು ಸುಮಾರು ಹತ್ತು ಲಕ್ಷ ಕೋಟಿ ವರ್ಷಗಳೆಂದು ಲೆಕ್ಕ ಹಾಕಿದ್ದಾರೆ.

ಈ ನಕ್ಷತ್ರಕ್ಕೆ ಟ್ರ್ಯಾಪಿಸ್ಟ್-1 ಎಂಬ ಹೆಸರು ಬಂದುದು ಒಂದು ಸಣ್ಣ ದೂರದರ್ಶಕದಿಂದ. ದಕ್ಷಿಣ ಅಮೆರಿಕದ ಚಿಲಿ ದೇಶದ ಲಾ ಸಿಲ್ಲಾ ಬೆಟ್ಟದ ಮೇಲೆ ಬೆಲ್ಜಿಯಂ ದೇಶದ ಲೀಜ್ ವಿಶ್ವವಿದ್ಯಾಲಯದವರು 2010ರಿಂದ ನಡೆಸಿಕೊಂಡು ಬಂದಿರುವ ಆ ದೂರದರ್ಶಕದ ಕನ್ನಡಿ 60 ಸೆಂಟಿಮೀಟರು ಮಾತ್ರ. ನಮ್ಮ ಮನೆಯ ಆ ಹಿತ್ತಾಳೆಯ ಹಂಡೆಯ ಬಾಯಿಯಷ್ಟು. ಇಷ್ಟು ಚಿಕ್ಕ ಕನ್ನಡಿಯಿಂದ ಇಷ್ಟು ದೊಡ್ಡ ಕಾರ್ಯವಾದುದು ಹೇಗೆಂಬುದನ್ನು ತಿಳಿಯಲು ಆ ಹಂಡೆಯನ್ನೇ ಸೂರ್ಯನೆಂದು ಭಾವಿಸೋಣ. ಎರಡಡಿ ಅಗಲದ ಹಂಡೆ ಸೂರ್ಯನಾದರೆ ನಮ್ಮ ಭೂಮಿಯು 215 ಅಡಿ ದೂರದಲ್ಲಿ ಸುತ್ತುವ ಒಂದು ಮೆಣಸಿನ ಕಾಳು. ಅದೇ ಪ್ರಮಾಣದಲ್ಲಿ ಟ್ರ್ಯಾಪಿಸ್ಟ್-1 ಒಂದು ಕಿತ್ತಳೆಹಣ್ಣು. ಅದರ ಏಳು ಗ್ರಹಗಳೂ ಹೆಚ್ಚುಕಡಿಮೆ ಅಂಥವೇ ಏಳು ಮೆಣಸಿನ ಕಾಳುಗಳು. ಆದರೆ ಇವು ದೂರ ದೂರ ಹರಡಿದವಲ್ಲ. ಮೊದಲನೆಯದು ಕಿತ್ತಳೆಯಿಂದ ಎರಡೂವರೆ ಅಡಿಯಲ್ಲಿ, ಕೊನೆಯದು 13 ಅಡಿಯಲ್ಲಿ: ಇಡೀ ಸಂಸಾರವು ನಮ್ಮ ಮನೆಯ ಜಗಲಿಯ ಮೇಲೆ ಹಿಡಿಸುತ್ತದೆ. ನಮ್ಮ ಬುಧನೂ ಸೂರ್ಯನಿಗೆ ಇಷ್ಟು ಹತ್ತಿರದಲ್ಲಿಲ್ಲ. ಹಂಡೆಗೂ ಕಿತ್ತಳೆಗೂ ನಡುವಣ ಅಂತರವನ್ನು ಮಾತ್ರ ಜಗಲಿಯಲ್ಲಿ ತೋರಿಸುವಂತಿಲ್ಲ. ಈ ಕಿರಿಯ ಪ್ರಮಾಣದಲ್ಲಿಯೂ ಅದು 1,65,000 ಕಿಲೋಮೀಟರು.

ಹಂಡೆಯ ಮುಂದೆ ಮೆಣಸಿನ ಕಾಳು ಹಾದುಹೋದರೆ ಅದು ಮರೆಮಾಡುವ ಬೆಳಕು 12,000ದಲ್ಲಿ ಒಂದು ಪಾಲು. ಅದನ್ನು ಅಳೆಯಲು ಭೂಮಿಯ ವಾಯುಮಂಡಲದ ಹೊರಗಿಟ್ಟ ದೂರದರ್ಶಕವೇ ಬೇಕು. ಅದೇ ಕಾಳು ಕಿತ್ತಳೆಯ ಮುಂದೆ ಹಾದುಹೋದರೆ ಬೆಳಕಿನ ಕೊರತೆ 170ರಲ್ಲಿ ಒಂದು ಪಾಲು. ಕುಬ್ಜನ ಕುಬ್ಜತ್ವವೇ ಇಲ್ಲಿ ಶೋಧಕನಿಗೆ ವರವಾಯಿತು. 2004ರ ಜೂನ್ ತಿಂಗಳಿನಲ್ಲಿ ಶುಕ್ರನು ಸಣ್ಣ ಕಪ್ಪು ಬೊಟ್ಟಾಗಿ ಸೂರ್ಯಬಿಂಬವನ್ನು ದಾಟಿದ ಸಂಕ್ರಮಣವನ್ನು ನೋಡಿದವರಿಗೆ ಇದರ ಕಲ್ಪನೆಯಿದ್ದೀತು. ವ್ಯತ್ಯಾಸವಿಷ್ಟೆ, ಅಲ್ಲಿ ಬೊಟ್ಟು ಕಂಡಿತು, ಇಲ್ಲಿ ಬೊಟ್ಟೂ ಕಾಣದು, ಬಿಂಬವೂ ಕಾಣದು. ಒಂದು ಚುಕ್ಕೆಯ ಬೆಳಕು ಅರ್ಧ ತಾಸಿನ ಮಟ್ಟಿಗೆ ತುಸು ಕುಗ್ಗಿ ಮತ್ತೆ ಮೊದಲಿನಂತಾದುದಷ್ಟೇ ಕೈಗೆ ಸಿಗುವ ಸಾಕ್ಷ್ಯ.

2015ರ ಸೆಪ್ಟೆಂಬರಿನಿಂದ ಲೀಜಿನ ಖಗೋಳಜ್ಞ ಮಿಕಾಯೆಲ್ ಗಿಲ್ಲೋನ್ ಮತ್ತು ಅವರ ಸಂಗಡಿಗರು ಈ ಕುಗ್ಗುವಿಕೆಯನ್ನು ಗಮನಿಸತೊಡಗಿದರು. ಗ್ರಹವು ನಿಜವಾಗಿಯೂ ಸುತ್ತುತ್ತಿರುವುದಾದರೆ ಗ್ರಹಣವು ನಿಯತಕಾಲಕ್ಕೆ ಮರಳಿ ಬರಬೇಕಷ್ಟೆ. ಆದರೆ ಮರಳಿ ಬರುವ ಆ ಮುಹೂರ್ತಕ್ಕೆ ಚಿಲಿಯಲ್ಲಿ ಹಗಲಾಗಿದ್ದರೆ ನೋಡುವವರಾರು? ಅಲ್ಲಿ ಹಗಲಾದಾಗ ರಾತ್ರಿಯಾಗಿರುವ ದೇಶಗಳ ಸಹಾಯ ಬೇಕಾಯಿತು. ಹಾಗೆ ಸಹಾಯಕ್ಕೆ ಒದಗಿದ ದೊಡ್ಡ ದೂರದರ್ಶಕಗಳಲ್ಲಿ ನಮ್ಮ ದೇಶದ ಹಿಮಾಲಯದ ಚಂದ್ರ ದೂರದರ್ಶಕವೂ ಒಂದು. ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ, ಎರಡು ಮೀಟರು ಅಗಲದ ಕನ್ನಡಿಯುಳ್ಳ ಈ ಯಂತ್ರವು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರು ಎತ್ತರದ ಬೋಳುಬೆಟ್ಟದ ಮೇಲೆ ನಿಂತಿದೆ. ಅದನ್ನು ಆಡಿಸುವವರು ಮಾತ್ರ ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ. ಚಳಿಗೆ ನೀರು ಕಲ್ಲಾಗುವ ಆ ಬೆಟ್ಟದ ದೂರದರ್ಶಕಕ್ಕೆ ಬಯಲುಸೀಮೆಯ ಒಂದು ಕೋಣೆಯಿಂದ ಉಪಗ್ರಹದ ಮೂಲಕ ಆಜ್ಞೆ ಹೋಗುತ್ತದೆ, ಅದು ಹಿಡಿದ ಬೆಳಕಿನ ಲೆಕ್ಕ ಅದೇ ಹಾದಿಯಲ್ಲಿ ಮರಳಿ ಬರುತ್ತದೆ. 2016ರ ಮೇ ತಿಂಗಳಿನಲ್ಲಿ ಈ ಶೋಧವು ಜಗತ್ತಿಗೆ ತಿಳಿದಾಗ ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೇವೇಂದ್ರ ಸಾಹು ಅವರ ಹೆಸರೂ ಇದ್ದಿತು. 1980ರಲ್ಲಿ ವೈನು ಬಾಪು ಅವರು ನಿರ್ದೇಶಕರಾಗಿದ್ದಾಗ ಚಂದ್ರನ ನೆರಳಿನ ಹಾದಿಯಲ್ಲಿ ಕರ್ನಾಟಕದ ನೆಲದ ಮೇಲೆ ಬಿಡಾರ ಹೂಡಿ ಸೂರ್ಯನ ಪ್ರಭಾವಲಯವನ್ನು ಪರೀಕ್ಷಿಸಿದುದು ಇದೇ ಸಂಸ್ಥೆ. ಅಂದು ಅಂಕೋಲೆಯನ್ನು ದಾಟಿ ಒಳನಾಡಿಗೆ ಹೋದ ನೆರಳನ್ನು ಅಳೆದವರ ಮನೆಯವರೇ 35 ವರ್ಷಗಳ ಅನಂತರ ಕುಂಭರಾಶಿಯ ನೆರಳನ್ನೂ ಅಳೆದರು.

ಮೊದಲ ವರದಿಯಲ್ಲಿ ಹೇಳಿದ್ದ ಗ್ರಹಗಳು ಮೂರು. ಅವುಗಳಲ್ಲಿ ಒಳಗಿನ ಎರಡು ಖಚಿತವಾದವು; ಮೂರನೆಯದೆಂದು ಎಣಿಸಿದ್ದು ಒಂದು ಗ್ರಹವಾಗಿರದೆ, ಬೇರೆ ಬೇರೆ ಗ್ರಹಗಳ ಗ್ರಹಣಗಳನ್ನು ಒಂದೆಂದು ಭಾವಿಸಿದುದಾಗಿತ್ತು. 2015ರ ಡಿಸೆಂಬರ್ 11ರ ರಾತ್ರಿ ಚಿಲಿಯ ಮಹಾದೂರದರ್ಶಕದಲ್ಲಿ ದೊರೆತ ಬೆಳಕಿನ ಗೆರೆಯಂತೂ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಮೂರು ಗ್ರಹಗಳು ಏಕಕಾಲದಲ್ಲಿ ನಕ್ಷತ್ರದ ಮುಂದೆ ಹಾಯುತ್ತಿದ್ದವೆಂಬುದು ಅದರ ಅರ್ಥ. ಈ ಗೋಜಲನ್ನು ಬಿಡಿಸಲು ಬಾಹ್ಯಾಕಾಶದಲ್ಲಿದ್ದ ಸ್ಪಿಟ್ಜರ್ ದೂರದರ್ಶಕವು 2016ರ ಸೆಪ್ಟೆಂಬರ್ ಉತ್ತರಾರ್ಧದಿಂದ ಮೊದಲ್ಗೊಂಡು ಸುಮಾರು 20 ದಿನ, ಅಂದರೆ ಹತ್ತಿರ ಹತ್ತಿರ 500 ತಾಸು, ಈ ಒಂದೇ ನಕ್ಷತ್ರವನ್ನು ಬಹುಮಟ್ಟಿಗೆ ಬಿಡದೆ ನೋಡಿತು. 2017ರ ಫೆಬ್ರುವರಿ 22ರಂದು ಏಳು ಗ್ರಹಗಳ ವಾರ್ತೆ ಹೊರಬಿದ್ದಿತು. ಒಂದೂವರೆ ದಿನಕ್ಕೆ ಒಂದು ಸುತ್ತು ಮುಗಿಸುವ 'ಬಿ' ಎಂಬುದರಿಂದ ಹಿಡಿದು ಹೊರಗಿನ 'ಎಚ್' ಎಂಬುದರವರೆಗೆ ಅವಕ್ಕೆ ಅಕ್ಷರಗಳನ್ನೇ ಹೆಸರಾಗಿ ಕೊಟ್ಟಿದ್ದಾರೆ. ಅವುಗಳಲ್ಲಿ ಇ, ಎಫ್, ಜಿ ಎಂಬ ಮೂರು ಗ್ರಹಗಳು ನೀರು ನೀರಾಗಿಯೇ ನಿಲ್ಲಬಹುದಾದ ಹದವಾದ ದೂರದಲ್ಲಿವೆ.

ಈ ಏಳರ ಗತಿಯಲ್ಲಿ ಒಂದು ತಾಳವಿದೆ. ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಗುಮಟೆಯ ದನಿ ಕೇಳಿದವರಿಗೆ, ಒಬ್ಬನು ಮೂರು ಪೆಟ್ಟು ಹಾಕುವಷ್ಟರಲ್ಲಿ ಇನ್ನೊಬ್ಬನು ಎರಡೇ ಪೆಟ್ಟು ಹಾಕಿ ಇಬ್ಬರೂ ಒಂದೇ ಕ್ಷಣಕ್ಕೆ ಬಂದು ಕೂಡುವ ಸೊಗಸು ತಿಳಿದೀತು. ಇಲ್ಲಿ 'ಡಿ' ಗ್ರಹವು ಮೂರು ಸುತ್ತು ಹಾಕುವಷ್ಟರಲ್ಲಿ 'ಇ' ಗ್ರಹವು ಎರಡು ಸುತ್ತು. 'ಇ' ಮೂರಾದರೆ 'ಎಫ್' ಎರಡು. 'ಎಫ್' ನಾಲ್ಕಾದರೆ 'ಜಿ' ಮೂರು. ಹೀಗೆ ಸರಪಳಿಯಂತೆ ಏಳೂ ಒಂದಕ್ಕೊಂದು ಹೆಣೆದುಕೊಂಡಿವೆ. 'ಎಚ್' ಗ್ರಹದ ಗ್ರಹಣವು ಸ್ಪಿಟ್ಜರಿಗೆ ಕಂಡಿದ್ದುದು ಒಂದೇ ಒಂದು ಸಲ. ಒಂದೇ ಪೆಟ್ಟಿನಿಂದ ತಾಳ ತಿಳಿಯುವುದಿಲ್ಲ. ಆದರೆ ಉಳಿದ ಆರರ ತಾಳವನ್ನು ಬಲ್ಲವರು, ಇದು ಸುಮಾರು 18.77 ದಿನಕ್ಕೊಮ್ಮೆ ಬರಬೇಕೆಂದು ಮೊದಲೇ ಲೆಕ್ಕ ಕಟ್ಟಿದರು. ಕೆಪ್ಲರ್ ದೂರದರ್ಶಕದ ಲೆಕ್ಕಪತ್ರಗಳನ್ನು ತೆರೆದು ನೋಡಿದಾಗ ಆ ಕುಗ್ಗುವಿಕೆ ಸರಿಯಾಗಿ ಆ ಗಳಿಗೆಗಳಲ್ಲಿಯೇ ಇದ್ದಿತು. ಈ ಇಡೀ ವೃತ್ತಾಂತದಲ್ಲಿ ನನ್ನ ಮನಸ್ಸು ಬಹಳವಾಗಿ ಮೆಚ್ಚಿದ ಭಾಗ ಇದೇ.

ತಾಳವು ಪರಿಪೂರ್ಣವಾದುದಲ್ಲವೆಂಬುದೂ ಉಪಕಾರಕ್ಕೇ ಬಂದಿತು. ಗ್ರಹಗಳು ಸಮೀಪದಲ್ಲಿ ಹಾಯುವಾಗ ಒಂದನ್ನೊಂದು ಎಳೆದಾಡುವುದರಿಂದ ಒಂದೊಂದು ಗ್ರಹಣವೂ ಕೆಲವು ನಿಮಿಷ ಮುಂಚೆಯೋ ತಡವಾಗಿಯೋ ಬರುತ್ತದೆ. ಎಷ್ಟು ತಡವೆಂಬುದರಿಂದ ಎಳೆದವನ ಬಲವೆಷ್ಟು, ಬಲದಿಂದ ತೂಕವೆಷ್ಟು ಎಂದು ತಿಳಿಯಬರುತ್ತದೆ. ತಕ್ಕಡಿಯಿಲ್ಲದೆ ತೂಗಿದ ಈ ತೂಕವನ್ನು ಮುಚ್ಚಿದ ಬೆಳಕಿನಿಂದ ಸಿಕ್ಕ ಗಾತ್ರದೊಡನೆ ಹೊಂದಿಸಿದಾಗ, ಏಳು ಗ್ರಹಗಳೂ ಬಹುಮಟ್ಟಿಗೆ ಒಂದೇ ದ್ರವ್ಯದವು, ನಮ್ಮ ಭೂಮಿಯಂತೆ ಕಲ್ಲಿನವು, ಆದರೆ ಅದಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆ ಸಾಂದ್ರತೆಯವು ಎಂದು 2021ರಲ್ಲಿ ಗೊತ್ತಾಯಿತು.

ಅಲ್ಲಿಯ ಹಗಲು ರಾತ್ರಿಗಳ ವಿಷಯವನ್ನು ಕಡಲಂಚಿನವರಾದ ನಾವು ಇತರರಿಗಿಂತ ಸುಲಭವಾಗಿ ತಿಳಿಯಬಲ್ಲೆವು. ಗಂಗಾವಳಿಯ ಅಳಿವೆಯಲ್ಲಿ ಭರತದ ಹೊತ್ತಿಗೆ ಉಪ್ಪುನೀರು ಒಳನುಗ್ಗಿ, ಇಳಿತದ ಹೊತ್ತಿಗೆ ಮರಳಿ ಹೋಗಿ, ದೋಣಿಗಳು ಕೆಸರಿನ ಮೇಲೆ ಒರಗಿ ನಿಲ್ಲುವುದನ್ನು ದಿನವೂ ನೋಡುತ್ತೇವೆ. ಚಂದ್ರನು ನಮ್ಮ ನೀರನ್ನು ಎಳೆಯುವಂತೆ ಭೂಮಿಯೂ ಚಂದ್ರನ ಒಡಲಿನ ಬಂಡೆಯನ್ನೇ ಎಳೆದೆಳೆದು, ಅವನ ತಿರುಗುವಿಕೆಯನ್ನು ಕಾಲಕ್ರಮದಲ್ಲಿ ತಡೆದು, ಒಂದೇ ಮುಖವನ್ನು ನಮ್ಮ ಕಡೆಗೆ ನಿಲ್ಲಿಸಿಬಿಟ್ಟಿದೆ. ತಮ್ಮ ನಕ್ಷತ್ರಕ್ಕೆ ಅತಿ ಸಮೀಪದಲ್ಲಿರುವ ಈ ಏಳು ಗ್ರಹಗಳಿಗೂ ಅದೇ ಗತಿಯಾಗಿರಬೇಕೆಂಬುದು ಬಲ್ಲವರ ಮತ. ಅಂದ ಮೇಲೆ ಅಲ್ಲಿ ಒಂದು ಮಗ್ಗುಲಿಗೆ ಎಂದೆಂದಿಗೂ ಹಗಲು, ಇನ್ನೊಂದಕ್ಕೆ ಎಂದೆಂದಿಗೂ ಇರುಳು, ನಡುವೆ ಬಳೆಯಂತೆ ಸುತ್ತುವರಿದ, ಎಂದಿಗೂ ಕಳೆಯದ ಸಂಧ್ಯೆ. 'ಇ' ಗ್ರಹದ ಆ ಸಂಧ್ಯಾವಲಯದಲ್ಲಿ ನಿಂತವನಿಗೆ, ನಮ್ಮ ಸೂರ್ಯನ ನಾಲ್ಕು ಪಟ್ಟು ಅಗಲದ ಕೆಂಪುಬಿಂಬವು ದಿಗಂತದ ಮೇಲೆ ಅಲುಗಾಡದೆ ನಿಂತಿರುವಂತೆಯೂ, ಅಕ್ಕಪಕ್ಕದ ಗ್ರಹಗಳು ಅತಿ ಸಮೀಪಕ್ಕೆ ಬಂದಾಗ ನಮ್ಮ ಹುಣ್ಣಿಮೆಯ ಚಂದ್ರನಷ್ಟು ದೊಡ್ಡದಾಗಿಯೂ ಕಾಣಬೇಕು. 1883ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಕಾರವಾರದ ಈ ದಂಡೆಯಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು, ಕಾಳಿನದಿಯ ಬೆಳುದಿಂಗಳಿಗೆ ಮಾರುಹೋದವರು, ತಮ್ಮ ಮುಪ್ಪಿನಲ್ಲಿ, 1937ರಲ್ಲಿ, 'ವಿಶ್ವಪರಿಚಯ'ವೆಂಬ ವಿಜ್ಞಾನಗ್ರಂಥವನ್ನು ಸಾಮಾನ್ಯ ಓದುಗರಿಗಾಗಿಯೇ ಬರೆದರು. ಮುಳುಗದ ಸಂಜೆಯುಳ್ಳ ಲೋಕವೊಂದು ಇದೆಯೆಂಬ ವಾರ್ತೆ ಅವರ ಕಾಲಕ್ಕೆ ಬರಲಿಲ್ಲವಲ್ಲ ಎಂದು, ಅವರ ಹೆಸರನ್ನೇ ಹೊತ್ತ ಆ ದಂಡೆಯ ಮೇಲೆ ಸೂರ್ಯಾಸ್ತವನ್ನು ನೋಡುವಾಗಲೆಲ್ಲ ನನಗೆ ಅನಿಸುತ್ತದೆ.

ಅಲ್ಲಿ ಗಾಳಿಯಿದೆಯೇ? ಉಳಿದ ಪ್ರಶ್ನೆಗಳೆಲ್ಲ ಇದರ ಮೇಲೆ ನಿಂತಿವೆ. ಕೆಂಪು ಕುಬ್ಜಗಳು ಉಮಿಯ ಬೆಂಕಿಯಂತೆ ಶಾಂತವೆಂದು ಮೇಲೆ ಹೇಳಿದೆನಾದರೂ, ಅವುಗಳ ಮೈಮೇಲೆ ಆಗಾಗ ಭಯಂಕರವಾದ ಜ್ವಾಲಾಸ್ಫೋಟಗಳೇಳುತ್ತವೆ. ಹತ್ತಿರದ ಗ್ರಹಗಳ ವಾಯುಮಂಡಲವನ್ನು ಅವು ಕಿತ್ತೊಯ್ದಿರಬಹುದು. 1868ರ ಆಗಸ್ಟ್ 18ರ ಗ್ರಹಣದಲ್ಲಿ ನಮ್ಮ ಜಮಖಂಡಿಯಲ್ಲಿ ನಿಂತು ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬವನು ವರ್ಣಪಟಲದರ್ಶಕದಿಂದ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸಿ ಅವು ಉರಿಯುವ ಅನಿಲವೆಂದು ಕಂಡುಕೊಂಡನು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅದರೊಳಗಿನ ದ್ರವ್ಯವನ್ನು ಗುರುತಿಸುವ ಅದೇ ವಿದ್ಯೆಯನ್ನು 2021ರ ಕ್ರಿಸ್ಮಸ್ಸಿನ ದಿನ ಮೇಲೇರಿದ ಜೇಮ್ಸ್ ವೆಬ್ ದೂರದರ್ಶಕವು ಈ ಗ್ರಹಗಳ ಮೇಲೆ ಪ್ರಯೋಗಿಸುತ್ತಿದೆ. ಗ್ರಹವು ನಕ್ಷತ್ರದ ಹಿಂದೆ ಮರೆಯಾದಾಗ ಎಷ್ಟು ಶಾಖ ಕಡಿಮೆಯಾಯಿತೆಂದು ನೋಡಿ, 'ಬಿ' ಗ್ರಹದ ಹಗಲಿನ ಮುಖ ಸುಮಾರು 230 ಡಿಗ್ರಿ ಸೆಲ್ಸಿಯಸ್, 'ಸಿ' ಗ್ರಹದ್ದು ಸುಮಾರು 110 ಡಿಗ್ರಿ ಎಂದು 2023ರಲ್ಲಿ ಅಳೆದರು. ಎರಡಕ್ಕೂ ದಟ್ಟವಾದ ವಾಯುಮಂಡಲವಿಲ್ಲವೆಂಬುದು ಅದರ ಫಲಿತಾರ್ಥ. 'ಡಿ' ಗ್ರಹದಲ್ಲಿಯೂ ಭೂಮಿಯಂತಹ ಗಾಳಿ ಕಾಣಲಿಲ್ಲ. 'ಇ' ಗ್ರಹದ ಮೊದಲ ನಾಲ್ಕು ಗ್ರಹಣಗಳ ವರದಿ 2025ರಲ್ಲಿ ಬಂದಿತು: ಜಲಜನಕದ ದಪ್ಪ ಹೊದಿಕೆಯಿಲ್ಲ, ಸಾರಜನಕದ ಗಾಳಿಯಿದ್ದರೂ ಇರಬಹುದು, ಬರಿಯ ಬಂಡೆಯಾದರೂ ಆಗಿರಬಹುದು. ನಕ್ಷತ್ರದ ಮೈಮೇಲಿನ ಕಲೆಗಳೇ ಇಲ್ಲಿ ದೊಡ್ಡ ತೊಡಕು. ಮಸಿ ಹಿಡಿದ ಕಂದೀಲಿನ ಬೆಳಕಿನಲ್ಲಿ ಗೋಡೆಯ ಮೇಲಿನ ಕಪ್ಪು ಯಾವುದು ಕೈಯ ನೆರಳು, ಯಾವುದು ಗಾಜಿನ ಮಸಿ ಎಂದು ಬೇರ್ಪಡಿಸುವಷ್ಟು ತಾಳ್ಮೆ ಇದಕ್ಕೆ ಬೇಕು. ಇನ್ನೂ ಅನೇಕ ಗ್ರಹಣಗಳನ್ನು ನೋಡಿ ಕೂಡಿಹಾಕುವ ಕೆಲಸ ನಡೆದೇ ಇದೆ. ಏನೂ ಇಲ್ಲವೆಂದು ತಿಳಿದರೂ ಆ ತಿಳಿವು ನನಗೆ ಪ್ರಿಯವೇ. ಇದೆಯೆಂದು ತಿಳಿಯುವ ದಿನ ಬಂದರೆ ಅಂದು ಬದುಕಿರಬೇಕೆಂಬ ಆಸೆಯನ್ನು ಮಾತ್ರ ಮುಚ್ಚಿಡಲಾರೆ.

ಇನ್ನೊಂದು ಸಂಗತಿ ಉಳಿದಿದೆ. ಟ್ರ್ಯಾಪಿಸ್ಟ್-1 ಇರುವುದು ಸೂರ್ಯನು ವರ್ಷವಿಡೀ ನಡೆಯುವ ಕ್ರಾಂತಿವೃತ್ತಕ್ಕೆ ತೀರ ಸಮೀಪದಲ್ಲಿ. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಸೂರ್ಯನು ಅದರ ಪಕ್ಕದಲ್ಲಿಯೇ ಹಾದುಹೋಗುತ್ತಾನೆ. ನಕ್ಷತ್ರಗಳೂ ಮೆಲ್ಲಮೆಲ್ಲನೆ ಸರಿಯುವುವಾದ್ದರಿಂದ, ಈಗಿನಿಂದ ಸುಮಾರು 1640 ವರ್ಷಗಳ ಮೇಲೆ, ಆ ನಕ್ಷತ್ರ, ನಮ್ಮ ಭೂಮಿ ಮತ್ತು ಸೂರ್ಯ ಒಂದೇ ಗೆರೆಯಲ್ಲಿ ಬಂದು ನಿಲ್ಲುವ ಕಾಲ ಆರಂಭವಾಗಿ, ಅನಂತರ 2300 ವರ್ಷಗಳಿಗೂ ಮಿಗಿಲಾಗಿ ನಡೆಯಲಿದೆಯೆಂದು ಗಣಿತ ಮಾಡಿದ್ದಾರೆ. ಅಲ್ಲಿಯ ಇರುಳಿನ ಆಕಾಶದಲ್ಲಿ ನಮ್ಮ ಸೂರ್ಯನು ಬರಿಗಣ್ಣಿಗೆ ಹೇಗೋ ನಿಲುಕುವ ಒಂದು ಸಣ್ಣ ಚುಕ್ಕೆ. ಆ ಕಾಲದಲ್ಲಿ ವರ್ಷಕ್ಕೊಮ್ಮೆ, ಕೆಲವು ತಾಸುಗಳ ಹೊತ್ತು, ಆ ಚುಕ್ಕೆಯ ಬೆಳಕಿನಲ್ಲಿ 12,000ದಲ್ಲಿ ಒಂದು ಪಾಲು ಕಡಿಮೆಯಾಗುವುದು. ಆ ಕುಂದನ್ನು ನೋಡುವವರು ಅಲ್ಲಿದ್ದರೆ, ಅವರಿಗೆ ದೊರೆಯುವ ನೆರಳಿನ ಮೆಣಸಿನ ಕಾಳಿನೊಳಗೆ, ಕಾಳಿನದಿಯೂ ಗಂಗಾವಳಿಯ ಅಳಿವೆಯೂ ಅಂಕೋಲೆಯ ಹಿತ್ತಿಲುಗಳ ಮಾವಿನ ಮರಗಳೂ ಇರುತ್ತವೆ.